ನಿಬ್ಬು ತಿದ್ದಿದ ಮೇಷ್ಟ್ರು

ಅವರ ಜೊತೆ ಬಸ್ಸಿನಲ್ಲಿ ಹೋಗುವುದೆಂದರೆ ನನಗೆ ನಾಚಿಕೆ. ಶಿಕಾರಿಪುರದ ಸ್ಟ್ಯಾಂಡಿನಲ್ಲಿ ಹತ್ತಿ ಕೂತದ್ದೇ ತಡ, ಅವರ ಕಣ್ಣು ಒಂದೊಂದೇ ಅಂಗಿಯ ಜೇಬಿನ ಮೇಲೆ ಓಡಾಡತೊಡಗುತ್ತಿತ್ತು. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲಿಯಾದರೂ ಹಳೆಯ ಪೆನ್ನಿನ ಕ್ಲಿಪ್ಪು ಕಂಡಿತೋ, ಎದ್ದು ಹೋಗಿ, ಗುರುತು ಪರಿಚಯ ಇಲ್ಲದ ಆ ಮನುಷ್ಯನ ಎದೆಯ ಹತ್ತಿರ ಮುಖ ತಂದು, "ರೀ, ನಿಮ್ಮ ಪೆನ್ನು ಒಂದು ಸಲ ತೋರಿಸ್ತೀರಾ?" ಎನ್ನುತ್ತಿದ್ದರು. ಆನವಟ್ಟಿಯ ಒಬ್ಬ ಜವಳಿ ವ್ಯಾಪಾರಿ ಇವರನ್ನು ಕಿಸೆಗಳ್ಳ ಅಂದುಕೊಂಡು ಜೇಬನ್ನು ಒತ್ತಿ ಹಿಡಿದು ಕಂಡಕ್ಟರನ್ನು ಕೂಗಿದ್ದೂ ಉಂಟು. ಅಂಥ ಹೊತ್ತಿನಲ್ಲಿ ನಾನು ಕಿಟಕಿಯ ಹೊರಗೆ ನೋಡುತ್ತ, ಈ ಮನುಷ್ಯನಿಗೂ ನನಗೂ ಸಂಬಂಧವೇ ಇಲ್ಲ ಎನ್ನುವಂತೆ ಕೂತಿರುತ್ತಿದ್ದೆ. ನನಗೆ ಸಿಟ್ಟು ಬೇಗ ಬರುತ್ತದೆ. ನಾಚಿಕೆ ಅದಕ್ಕಿಂತ ಬೇಗ.

ಅವರು ತೀರಿಕೊಂಡ ಸುದ್ದಿ ಮೊನ್ನೆ ಬಂತು. ಸುದ್ದಿ ತಂದವರು, "ನಿಮಗೆ ಬಹಳ ಬೇಕಾದವರಲ್ವಾ?" ಎಂದು ಕೇಳಿದರು. ಹೌದು ಎಂದೆ. ಹೌದು ಎಂದ ಮೇಲೆ ಮೊದಲು ನೆನಪಾದದ್ದು ಆ ಬಸ್ಸುಗಳು, ಆ ಜೇಬುಗಳು, ಕಿಟಕಿಯ ಕಡೆ ತಿರುಗಿದ ನನ್ನ ಮುಖ.

ರಾಜ್ಯ ಒಂದಾದ ಹೊಸತು. ಶಿಕಾರಿಪುರದ ಹೈಸ್ಕೂಲಿನಲ್ಲಿ ನಾನು ಗಣಿತ ಹೇಳುತ್ತಿದ್ದೆ, ಅವರು ಕನ್ನಡ ಹೇಳುತ್ತಿದ್ದರು. ಇಬ್ಬರ ಬಾಡಿಗೆ ಮನೆಗಳಿಗೂ ನಡುವೆ ಒಂದೇ ಗೋಡೆ. ನನಗಿಂತ ವಯಸ್ಸಿನಲ್ಲಿ ದೊಡ್ಡವರು. ಕುಳ್ಳಗೆ, ದುಂಡಗೆ ಇದ್ದರು. ಅವರ ಅಕ್ಷರವೂ ಹಾಗೆಯೇ, ದುಂಡಗೆ, ಒಂದಕ್ಕೊಂದು ತಾಗದೆ, ಪೋಣಿಸಿಟ್ಟ ಹಾಗೆ. ಆ ಅಕ್ಷರದ ಬಗ್ಗೆ ಅವರಿಗೆ ಇದ್ದ ಜಂಬ ಅಷ್ಟಿಷ್ಟಲ್ಲ. ಬೋರ್ಡಿನ ಮೇಲೆ ಪದ್ಯ ಬರೆದರೆ ಎರಡು ಹೆಜ್ಜೆ ಹಿಂದೆ ಬಂದು ತಾವೇ ನೋಡಿ ನಿಲ್ಲುತ್ತಿದ್ದರು. ಮುಂದಿನ ಪಿರಿಯಡ್ಡು ನನ್ನದಾದರೆ, "ಸ್ವಲ್ಪ ಹೊತ್ತು ಅಳಿಸಬೇಡ್ರೀ, ಹುಡುಗರು ನೋಡ್ಲಿ" ಎನ್ನುವರು. ನಾನು ಬೇಕೆಂದೇ ಮೊದಲು ಅದನ್ನೇ ಅಳಿಸುತ್ತಿದ್ದೆ. ಸುತ್ತಲಿನ ಊರುಗಳಲ್ಲಿ ಯಾರಿಗೆ ಸನ್ಮಾನವಾದರೂ ಬಿನ್ನವತ್ತಳೆ ಬರೆಯಲು ಇವರೇ ಬೇಕು. ಬರೆದು ಮುಗಿಸಿ, ಕಾಗದವನ್ನು ಬೆಳಕಿಗೆ ಹಿಡಿದು, "ಆ ಮನುಷ್ಯನಿಗಿಂತ ಇದೇ ಚೆನ್ನಾಗಿದೆ" ಎಂದುಬಿಡುವರು.

ಹಳೆಯ ಪೆನ್ನುಗಳ ಹುಚ್ಚು ಹುಟ್ಟಿದ್ದೂ ಈ ಅಕ್ಷರದ ಜಂಬದಿಂದಲೇ. ಅವರ ಪ್ರಕಾರ ಹೊಸ ಪೆನ್ನುಗಳಿಗೆ ಬೆನ್ನೆಲುಬೇ ಇಲ್ಲ. ಮೂವತ್ತು ನಲವತ್ತು ವರ್ಷದ ಹಿಂದೆ ವಿಲಾಯಿತಿ ಸೀಮೆಯಿಂದ ಬಂದ, ಗಟ್ಟಿ ರಬ್ಬರಿನ, ಚಿನ್ನದ ನಿಬ್ಬಿನ ಪೆನ್ನುಗಳೇ ಪೆನ್ನು. ಅಂಥವು ಎಲ್ಲಿದ್ದರೂ ಹುಡುಕಿಕೊಂಡು ಹೋಗುವರು. ನಿವೃತ್ತ ಶಾನುಭೋಗರು, ಹಳೇ ವಕೀಲರು, ಕಣ್ಣು ಮಂಜಾದ ಡಾಕ್ಟರು, ಯಾರನ್ನೂ ಬಿಡಲಿಲ್ಲ. ಜಡೆ ಊರಿನ ಒಂದು ಮನೆಯಲ್ಲಿ ಅಂಥ ಪೆನ್ನಿನ ಕೊಳವೆಯನ್ನು ಚಲ್ಲಣಕ್ಕೆ ಲಾಡಿ ಪೋಣಿಸಲು ಇಟ್ಟುಕೊಂಡಿದ್ದರು. ಇವರು ಅದನ್ನು ಕಂಡು, ಯಾರೋ ನೆಂಟರು ದಾರಿತಪ್ಪಿ ಅಲ್ಲಿ ಕೂಲಿಗೆ ನಿಂತದ್ದನ್ನು ಕಂಡಂತೆ ಕಣ್ಣಲ್ಲಿ ನೀರು ತಂದುಕೊಂಡರು. ಮನೆಯ ಹೆಂಗಸರು ಗಾಬರಿಯಾಗಿ ಅದನ್ನು ಕೊಟ್ಟೇ ಕಳಿಸಿದರು. ಬದಲಿಗೆ ಇವರು ಲಾಡಿ ಪೋಣಿಸಲು ಬಿದಿರಿನ ಕಡ್ಡಿಯೊಂದನ್ನು ನಯವಾಗಿ ಹೆರೆದು ಮುಂದಿನ ವಾರ ತಾವೇ ಒಯ್ದು ಕೊಟ್ಟು ಬಂದರು.

ಮನೆಯ ಹಿಂದಿನ ಕೋಣೆಯಲ್ಲಿ ಅವರ ಕಾರ್ಖಾನೆ. ಬಟ್ಟಲುಗಳಲ್ಲಿ ತಣ್ಣೀರು, ಅದರೊಳಗೆ ನೆನೆಯುತ್ತಿರುವ ಪೆನ್ನುಗಳು. ಬಿಸಿನೀರು ಮುಟ್ಟಿಸುವಂತಿಲ್ಲ, ಮುಟ್ಟಿಸಿದರೆ ಕಪ್ಪು ರಬ್ಬರು ಕಾಫಿ ಬಣ್ಣಕ್ಕೆ ತಿರುಗಿಬಿಡುತ್ತದೆ ಎಂದು ನನಗೇ ಹತ್ತಾರು ಸಲ ಹೇಳಿದ್ದಾರೆ, ನಾನೇನೋ ದಿನಾ ಪೆನ್ನು ಬೇಯಿಸುವವನಂತೆ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಒಂದಿತ್ತು. ಕ್ಷೌರದವರಿಂದ ಇಸಕೊಂಡು ಬಂದ ಸಾಣೆಕಲ್ಲು ಒಂದಿತ್ತು. ಆ ಕಲ್ಲಿನ ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು, ಕೆರೆಯುವ ನಿಬ್ಬನ್ನು ಉಜ್ಜಿ ಉಜ್ಜಿ ನಯ ಮಾಡುವುದು ಅವರಿಗೆ ಎಲ್ಲಕ್ಕಿಂತ ಪ್ರಿಯವಾದ ಕೆಲಸ. ಉಜ್ಜುವಾಗ ಮೂಗಿನಲ್ಲೇ ಏನೋ ಗುನುಗುತ್ತಿದ್ದರು. ಗೋಡೆಯ ಈಚೆ ನನಗೆ ಕೇಳುತ್ತಿತ್ತು. ಬೆರಳುಗಳು ಸದಾ ನೀಲಿ. ಮದುವೆ ಮನೆಗಳಲ್ಲಿ ಎಲೆಯ ಮುಂದೆ ಕೂತು ಆ ಬೆರಳಿನಿಂದ ಅನ್ನ ಕಲಸುವಾಗ ಪಕ್ಕದವರು ಸ್ವಲ್ಪ ಸರಿದು ಕೂರುವರು. ಅವರ ಹೆಂಡತಿ, "ನಮ್ಮನೇಲಿ ಸಾರಿನ ಬಟ್ಟಲಿಗಿಂತ ಮಸಿ ಬಟ್ಟಲೇ ಜಾಸ್ತಿ ಕಣ್ರೀ. ಒಂದು ದಿನ ಗೊತ್ತಾಗ್ದೆ ಅದನ್ನೇ ಬಡಿಸ್ತೀನಿ" ಎನ್ನುತ್ತಿದ್ದರು.

ಇಷ್ಟಾಗಿ, ಅವರು ರಿಪೇರಿ ಮಾಡಿದ ಪೆನ್ನು ಬರೆಯುವ ಚಂದವೇ ಬೇರೆ. ಅದನ್ನು ಒಪ್ಪಿಕೊಳ್ಳಲೇಬೇಕು.

ಸೊರಬದ ದಿನಸಿ ಅಂಗಡಿಯ ಶೆಟ್ಟರ ಮನೆಯಿಂದ ಒಂದು ಪೆನ್ನು ಬಂದದ್ದು ದೀಪಾವಳಿಗೆ ಕೆಲವು ವಾರ ಇರುವಾಗ. ಶೆಟ್ಟರು ತೀರಿಹೋಗಿ ವರ್ಷಗಳಾಗಿದ್ದವು. ಅಂಗಡಿ ನೋಡಿಕೊಳ್ಳುತ್ತಿದ್ದ ದೊಡ್ಡ ಮಗ ಶಿಕಾರಿಪುರದ ಸಂತೆಗೆ ಬಂದವನು ಪೆನ್ನನ್ನು ವಿಭೂತಿಯ ವಾಸನೆಯ ಬಟ್ಟೆಯಲ್ಲಿ ಸುತ್ತಿ ತಂದಿದ್ದ. "ಅಪ್ಪಂದು ರೀ. ಮಸಿ ಇಳೀವಲ್ದು. ಅವ್ವ ಹೇಳ್ಯಾಳೆ, ತೊಳ್ದು ಕೊಟ್ರೆ ಸಾಕಂತೆ" ಎಂದ. ನಾನು ಅಲ್ಲೇ ಇದ್ದೆ.

ಅವನು ಅತ್ತ ಹೋದ ಮೇಲೆ ಇವರು ನಕ್ಕರು. "ತೊಳೆಯೋಕೆ ನಾನೇ ಬೇಕೇನ್ರೀ? ಬಚ್ಚಲ ನೀರು ಸಾಕು."

ಪೆನ್ನು ಬಿಚ್ಚಿ, ನಿಬ್ಬಿನ ಕೆಳಗಿನ ನಾಲಿಗೆಯಲ್ಲಿ ಒಣಗಿ ಗಟ್ಟಿಯಾದ ಮಸಿಯನ್ನು ನೆನೆಸಿ ತೆಗೆದರು. ಅಲ್ಲಿಗೆ ಕೆಲಸ ಮುಗಿದಿತ್ತು. ಆದರೆ ಭೂತಗನ್ನಡಿ ಹಾಕಿ ನಿಬ್ಬಿನ ತುದಿ ನೋಡಿದವರು, "ಅಯ್ಯಯ್ಯೋ, ಇದರ ಮೂತಿ ನೋಡ್ರೀ!" ಎಂದು ನನಗೂ ತೋರಿಸಿದರು. ತುದಿ ಒಂದು ಮಗ್ಗುಲಿಗೆ ಪೂರಾ ಸವೆದು ಓರೆಯಾಗಿತ್ತು. ನೆಟ್ಟಗೆ ಹಿಡಿದು ಬರೆದರೆ ಕಿರ್ರೆಂದು ಕಾಗದ ಹರಿಯುತ್ತಿತ್ತು. "ಎಂಥ ಒಳ್ಳೇ ನಿಬ್ಬು! ಶೆಟ್ಟರು ಇದನ್ನ ಹಾರೆ ಹಿಡಿದ ಹಾಗೆ ಹಿಡಿದು ಹಾಳು ಮಾಡಿದಾರೆ. ಹೀಗೇ ಕೊಟ್ರೆ ನನ್ನ ಹೆಸರು ಏನಾಗ್ಬೇಕು?" ಎಂದು ಸಾಣೆಕಲ್ಲು ಎಳೆದುಕೊಂಡರು. ಅವತ್ತು ಗೋಡೆಯಾಚೆಯಿಂದ ಗುನುಗು ಬಹಳ ಹೊತ್ತು ಕೇಳಿತು.

ಭಾನುವಾರ ತಾವೇ ಸೊರಬಕ್ಕೆ ಹೊರಟರು. ಅಂಥ ಕೆಲಸವನ್ನು ಬೇರೆಯವರ ಕೈಲಿ ಕಳಿಸುವುದುಂಟೇ? ಹೊಗಳಿಕೆಯನ್ನು ಎದುರಿಗೆ ಕೂತು ಕೇಳಬೇಕು. ನನ್ನನ್ನೂ ಎಳೆದುಕೊಂಡು ಹೋದರು.

ಶೆಟ್ಟರ ಹೆಂಡತಿ ಬಡಕಲು ಮೈಯ, ಹಣೆತುಂಬ ವಿಭೂತಿಯ ಹೆಂಗಸು. ಅಂಗಡಿಯ ಹಿಂದೆಯೇ ಮನೆ. ಪೆನ್ನನ್ನು ಎರಡೂ ಕೈಯಲ್ಲಿ ಇಸಕೊಂಡು ಕಣ್ಣಿಗೊತ್ತಿಕೊಂಡರು. ಒಳಗೆ ಇಡಲು ಹೊರಟವರನ್ನು ಇವರೇ ತಡೆದರು. "ಒಂದು ಸಲ ಬರೆದು ನೋಡಿ ಅಮ್ಮ."

ಆಕೆಗೆ ಸಂಕೋಚ. "ನನಗೆಲ್ಲಿ ಓದು ಬರಾ ಬರ್ತೈತ್ರಿ. ನಮ್ಮೋರು ಕೈ ಹಿಡ್ದು ಶ್ರೀ ಒಂದು ಕಲಿಸಿದ್ರು. ದೀಪಾವಳಿಗೆ ಲೆಕ್ಕದ ಹೊಸ ಪುಸ್ತಕ ಪೂಜೆ ಮಾಡ್ತೀವಲ್ರಿ, ಮೊದ್ಲನೇ ಹಾಳೆ ಮ್ಯಾಲೆ ಅವರು ಶ್ರೀ ಬರೀತಿದ್ರು. ಈಗ ನಾನು ಬರೀತೀನಿ. ಇದೇ ಪೆನ್ನಲ್ಲಿ. ಬ್ಯಾರೆದ್ರಲ್ಲಿ ನನ್ಗೆ ಬರಂಗಿಲ್ಲ."

"ಅದನ್ನೇ ಬರೀರಿ. ಬೆಣ್ಣೆ ಮೇಲೆ ಬರೆದ ಹಾಗಿರ್ತದೆ!" ಎಂದರು ಇವರು. ನಾನೂ ತಲೆಯಾಡಿಸಿದೆ.

ಆಕೆ ಕೈತೊಳೆದು ಬಂದು ಚಾಪೆಯ ಮೇಲೆ ಕೂತರು. ಪೆನ್ನನ್ನು ಒಳಮಗ್ಗುಲಿಗೆ ವಾಲಿಸಿ ಹಿಡಿದರು. ಹಾಗೆ ಹಿಡಿದದ್ದನ್ನು ಕಂಡಾಗಲೇ ನನ್ನ ಪಕ್ಕದಲ್ಲಿ ಖುಷಿಯಿಂದ ಗುನುಗುತ್ತ ಕೂತಿದ್ದ ಈ ಮನುಷ್ಯ ಗುನುಗು ನಿಲ್ಲಿಸಿದರು. ಆಕೆ ಶ್ರೀ ಬರೆದರು. ಸದ್ದಿಲ್ಲದೆ, ನುಣ್ಣಗೆ, ಒಂದೇ ದಪ್ಪದಲ್ಲಿ ಬಂತು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಪೆನ್ನನ್ನು ಇನ್ನಷ್ಟು ವಾಲಿಸಿ ಕೆಳಗೆ ಇನ್ನೊಂದು ಬರೆದರು. ಆಮೇಲೆ ಪೆನ್ನನ್ನು ಕಿವಿಯ ಹತ್ತಿರ ತಂದು, ಏನೋ ಕೇಳಿಸಿಕೊಳ್ಳುವವರಂತೆ ಹಿಡಿದು, ಕೆಳಗಿಟ್ಟರು.

"ಚಲೋ ಬರಿತೈತ್ರಿ" ಎಂದರು.

ಅಷ್ಟರಲ್ಲಿ ಮಗ ಬೆಲ್ಲದ ಕೈ ಒರೆಸಿಕೊಳ್ಳುತ್ತ ಅಂಗಡಿಯಿಂದ ಒಳಗೆ ಬಂದ. ಹಾಳೆ ನೋಡಿದ. "ಅವ್ವಾ, ಇದ್ಯಾರು ಬರ್ದಿದ್ದು?"

"ನಾನೇ ಕಣೋ."

"ಅಪ್ಪನ ಶ್ರೀ ಬರ್ಲಿಲ್ಲಲ್ಲ!"

"ಸುಮ್ನಿರು. ಮನೆಗೆ ಬಂದೋರ ಎದುರಿಗೆ ಹಿಂಗಾ ಮಾತಾಡೋದು?"

ಆಕೆ ಗದರಿಸಿದ್ದು ಮಗನನ್ನು. ಪೆಟ್ಟು ಬಿದ್ದದ್ದು ಇವರಿಗೆ. ಹಳೆಯ ಪುಸ್ತಕವೊಂದನ್ನು ತೋರಿಸಿ ಎಂದು ಕೇಳಿದರು. ಅದರ ಮೊದಲ ಹಾಳೆಯಲ್ಲಿ ಶೆಟ್ಟರು ಬರೆದ ಶ್ರೀ ಇತ್ತು: ಕೆಳಕ್ಕೆ ಎಳೆದಲ್ಲಿ ಕೂದಲಷ್ಟು ಸಣ್ಣ, ಅಡ್ಡಕ್ಕೆ ತಿರುಗಿದಲ್ಲಿ ಅಗಲ, ಗಾಳಿಗೆ ಬಾಗಿದ ಪೈರಿನ ಹಾಗೆ ಒಂದು ಕಡೆಗೆ ವಾಲಿದ್ದು. ಜೊತೆಗೆ ತಂದಿಟ್ಟಿದ್ದ ಮರುವರ್ಷಗಳ ಪುಸ್ತಕಗಳಲ್ಲಿ ಆಕೆ ಬರೆದದ್ದೂ ಹಾಗೇ ಇತ್ತು. ಯಾರದು ಯಾವುದು ಎಂದು ಹೇಳುವ ಹಾಗಿರಲಿಲ್ಲ. ಆ ಓರೆ ಮೂತಿ, ಇವರು ಹಾಳಾಗಿದೆ ಎಂದು ಉಜ್ಜಿ ತೆಗೆದದ್ದು, ಶೆಟ್ಟರ ಕೈ ಅಷ್ಟು ವರ್ಷ ಕೂತು ಮಾಡಿಟ್ಟದ್ದಾಗಿತ್ತು. ಸತ್ತವರದೆಂದು ಆ ಮನೆಯಲ್ಲಿ ಉಳಿದಿದ್ದ ಕೈ ಅದೊಂದೇ.

ಇವರು ನೀಲಿ ಬೆರಳುಗಳನ್ನು ಮಡಿಚಿ ಪಂಚೆಯ ಅಡಿಗೆ ಎಳೆದುಕೊಂಡರು. ಆಕೆ ಅವಲಕ್ಕಿ, ಕಾಫಿ ತಂದಿಟ್ಟು, "ತಿನ್ರಿ, ದೂರದಿಂದ ಬಂದೀರಿ" ಎಂದು ಒತ್ತಾಯ ಮಾಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆ ದೀಪಾವಳಿಗೆ ಶೆಟ್ಟರ ಅಂಗಡಿಯಲ್ಲಿ ಹೊಸ ಪುಸ್ತಕಕ್ಕೆ ಶ್ರೀ ಬರೆಯಲಿಲ್ಲವಂತೆ. ಅರಿಶಿನ ಕುಂಕುಮ ಹಚ್ಚಿ ಹಾಗೇ ತೆರೆದರಂತೆ. ಆನವಟ್ಟಿಯ ಕಡೆಯವರೊಬ್ಬರು ಈ ಮಾತನ್ನು ಏನೂ ತಿಳಿಯದೆ ನಮ್ಮ ಸ್ಟಾಫ್ ರೂಮಿನಲ್ಲಿ ಹೇಳಿದರು. ಇವರು ಎದ್ದು ಹೊರಗೆ ಹೋದರು.

ಮರುದಿನ ಒಬ್ಬರೇ ಸೊರಬಕ್ಕೆ ಹೋಗಿ, ಪೆನ್ನನ್ನೂ ಒಂದು ಹಳೆಯ ಪುಸ್ತಕವನ್ನೂ ಕೇಳಿ ತಂದರು. ಆಕೆ ಯಾಕೆಂದು ಕೇಳದೆ ಕೊಟ್ಟರಂತೆ. ನನಗೆ ವಿಷಯ ಸುಲಭವಾಗಿ ಕಂಡಿತು. "ಅದೇ ಸಾಣೆಕಲ್ಲಿನ ಮೇಲೆ ಓರೆಗೆ ಉಜ್ಜಿ. ಅರ್ಧ ಗಂಟೆ ಕೆಲಸ" ಎಂದೆ.

"ಶೆಟ್ಟರು ಕಲ್ಲಿನ ಮೇಲೆ ಬರೆದ್ರೇನ್ರೀ? ಕಾಗದದ ಮೇಲೆ ಬರೆದು ಸವೆಸಿದ್ದು. ಹಾಗೇ ಸವೀಬೇಕು" ಎಂದರು. ಕಲ್ಲನ್ನು ಆಗಲೇ ಕ್ಷೌರದವರಿಗೆ ವಾಪಸು ಕೊಟ್ಟಾಗಿತ್ತು.

ಅಲ್ಲಿಂದ ಶುರುವಾಯಿತು. ದಿನವೂ ಸಂಜೆ ಶೆಟ್ಟರ ಪುಸ್ತಕವನ್ನು ಎದುರಿಗಿಟ್ಟುಕೊಂಡು, ಪೆನ್ನನ್ನು ಅವರಂತೆಯೇ ವಾಲಿಸಿ ಹಿಡಿದು, ಸಾಮಾನು ಕಟ್ಟುವ ಒರಟು ಕಾಗದದ ಮೇಲೆ ಅವರ ಅಕ್ಷರವನ್ನೇ ಬರೆಯುವುದು. ಬೆಲ್ಲ, ಉಪ್ಪು, ತೊಗರಿಬೇಳೆ, ಚಿಮಣಿ ಎಣ್ಣೆ. ಹಳಗನ್ನಡದ ಪಂಡಿತರು ಕೂತು ಚಿಮಣಿ ಎಣ್ಣೆ ಚಿಮಣಿ ಎಣ್ಣೆ ಎಂದು ತಿದ್ದುತ್ತಿದ್ದುದನ್ನು ನೋಡಿ ನಾನು ಮೊದಮೊದಲು ತಮಾಷೆ ಮಾಡಿದೆ. "ಅಂಗಡಿ ಇಡ್ತೀರೇನು?" ಎಂದೆ. ಅವರು ಮುಂದಿನ ಹಾಳೆ ಎಳೆದುಕೊಂಡರು. ಗುನುಗಂತೂ ನಿಂತೇ ಹೋಗಿತ್ತು. ಗೋಡೆಯಾಚೆಯಿಂದ ಈಗ ಬರುತ್ತಿದ್ದದ್ದು ಕಾಗದ ಕೆರೆಯುವ ಸದ್ದು ಮಾತ್ರ.

ವರ್ಷ ಕಳೆಯಿತು, ಇನ್ನೊಂದು ದೀಪಾವಳಿಯೂ ಶ್ರೀ ಇಲ್ಲದೆಯೇ ಹೋಯಿತು. ನಿಬ್ಬು ಸವೆಯಿತೋ ಇಲ್ಲವೋ, ಅವರ ಕೈ ಸವೆಯಿತು. ಬೋರ್ಡಿನ ಮೇಲೆ ಪದ್ಯ ಬರೆದರೆ ಅಕ್ಷರಗಳು ಒಂದು ಕಡೆಗೆ ವಾಲತೊಡಗಿದವು. ನಾನು ಗಮನಿಸಿದ್ದು, ಅವರು ಬರೆದ ಮೇಲೆ ಹಿಂದೆ ಬಂದು ನೋಡುವುದನ್ನು ಬಿಟ್ಟದ್ದರಿಂದ. ಹುಡುಗರು ಕಿಸಕ್ಕೆಂದು ನಗುವರು. ಬಿನ್ನವತ್ತಳೆ ಬರೆಸಲು ಬಂದವರೊಬ್ಬರು, ಬರೆದದ್ದನ್ನು ನೋಡಿ, "ಮೇಷ್ಟ್ರೇ, ಮೈಯಾಗೆ ಹುಷಾರಿಲ್ಲೇನು?" ಎಂದು ಕೇಳಿದರು. ಇನ್‌ಸ್ಪೆಕ್ಟರು ಬರುವ ಸಲ ಸ್ವಾಗತದ ಬೋರ್ಡನ್ನು ಹೆಡ್‌ಮಾಸ್ಟರು ಡ್ರಿಲ್ ಮೇಷ್ಟ್ರ ಕೈಯಲ್ಲಿ ಬರೆಸಿದರು. ಇವರು ಅಲ್ಲೇ ಬಾಗಿಲಲ್ಲಿ ನಿಂತು, ಸೀಮೆಸುಣ್ಣದ ತುಂಡುಗಳನ್ನು ಒಂದೊಂದಾಗಿ ಆರಿಸಿ ಕೊಡುತ್ತಿದ್ದರು. ನೋಡಲಾರದೆ ನಾನು ಸ್ಟಾಫ್ ರೂಮಿಗೆ ಬಂದು ಕೂತೆ. ಅವರ ಪಾಲಿನ ಅವಮಾನವನ್ನು ನಾನು ಯಾಕೆ ಪಡಬೇಕಿತ್ತೋ ಗೊತ್ತಿಲ್ಲ.

ಒಂದು ಸಂಜೆ ತಡೆಯದೆ ಹೇಳಿಬಿಟ್ಟೆ. "ಒಂದು ನಿಬ್ಬು ಕೆಟ್ಟಿತು. ಲೋಕ ಮುಳುಗಿಲ್ಲ. ಎಷ್ಟು ದಿನ ಅಂತ ನಾಚಿಕೊಳ್ತೀರಿ?"

ಅವರು ಪೆನ್ನು ಕೆಳಗಿಟ್ಟರು. "ನನಗೆ ನಾಚಿಕೆ ಆಗೋದು ಏನಕ್ಕೆ ಗೊತ್ತೇನ್ರೀ? ಕೆಡಿಸಿದ್ದಕ್ಕಲ್ಲ. ಕೈತಪ್ಪು ಯಾರಿಗೂ ಆಗ್ತದೆ. ಕೆಡಿಸ್ತಾ ಇದ್ದಾಗ ಖುಷಿಯಾಗಿದ್ದೆನಲ್ಲ, ಹಾಡ್ತಾ ಇದ್ದೆನಲ್ಲ, ಅದಕ್ಕೆ. ಆ ತಾಯಿ ತೊಳೆದು ಕೊಟ್ರೆ ಸಾಕು ಅಂತ ಹೇಳಿ ಕಳಿಸಿದ್ರು. ನಾನು ನಕ್ಕೆ. ನೀವೂ ನೋಡಿದ್ರಿ."

ನೋಡಿದ್ದೆ. ಎದ್ದು ಬಂದೆ.

ಅದರ ಮುಂದಿನ ದೀಪಾವಳಿಗೆ ಅವರು, "ಸೊರಬಕ್ಕೆ ಬರ್ತೀರಾ?" ಎಂದರು. ಹಿಂದಿನ ಸಲದಂತೆ ಎಳೆಯಲಿಲ್ಲ, ಕೇಳಿದರು. ಹೋದೆವು. ಅಂಗಡಿಯಲ್ಲಿ ತಕ್ಕಡಿ ತೊಳೆದು, ಹೂವು ಏರಿಸಿ, ಮಣೆಯ ಮೇಲೆ ಕೆಂಪು ಬಟ್ಟೆಯ ಹೊಸ ಪುಸ್ತಕ ಇಟ್ಟಿದ್ದರು. ಮಗ, ಕೆಲಸದವರು ಎಲ್ಲ ಮಡಿಯಲ್ಲಿ ನಿಂತಿದ್ದರು. ಇವರು ಪೆನ್ನನ್ನು ಆಕೆಯ ಕೈಗೆ ಕೊಟ್ಟು ಹಿಂದೆ ಸರಿದು, ಕಂಬಕ್ಕೆ ಒರಗಿ ನಿಂತರು.

ಆಕೆ ಬೇರೆ ಕಾಗದದ ಮೇಲೆ ಬರೆದು ನೋಡಿದರು. ಕಿರ್ ಎಂದು ಸಣ್ಣಗೆ ಸದ್ದಾಯಿತು. ಆಕೆ ತಲೆ ಎತ್ತಿದರು. ಬರೆದದ್ದು ವಾಲಿತ್ತು, ಸಣ್ಣ, ಅಗಲ, ಎಲ್ಲ ಇತ್ತು. ಆದರೂ ಎಲ್ಲೋ ಸ್ವಲ್ಪ ತಡವರಿಸಿದ ಹಾಗಿತ್ತು. ಆಕೆಯ ಕೈಗೂ ಈ ನಡುವೆ ರೂಢಿ ತಪ್ಪಿತ್ತಲ್ಲ.

"ಹತ್ರಕ್ಕೆ ಬಂದೈತ್ರಿ" ಎಂದು, ಇವರ ಕಡೆ ತಿರುಗಿ, "ಎಷ್ಟು ಬರ್ದೀರಿ ಮೇಷ್ಟ್ರೇ ಇದ್ರಾಗೆ?" ಎಂದು ಕೇಳಿದರು.

"ಬರೀತಾ ಇದ್ದೆ ಅಮ್ಮ."

"ನೀವು ಬರೀರಿ ನೋಡಾನ."

"ಬೇಡ ಅಮ್ಮ. ನನ್ನ ಕೈಯಲ್ಲಿ ಬೇಡ."

"ಬರೀರಿ ಅಂದ್ನಲ್ಲ."

ಅವರು ಮಣೆಯ ಮುಂದೆ ಕೂತರು. ಕಾಗದ ಕೊಡುತ್ತಾರೆಂದುಕೊಂಡಿದ್ದರೆ ಆಕೆ ಹೊಸ ಪುಸ್ತಕವನ್ನೇ ತೆರೆದು ಎದುರಿಗೆ ಸರಿಸಿದರು. ಅವರು ನೀಲಿ ಬೆರಳುಗಳನ್ನು ಪಂಚೆಗೆ ಒರೆಸಿಕೊಂಡರು. ಪೆನ್ನನ್ನು ಒಳಮಗ್ಗುಲಿಗೆ ವಾಲಿಸಿ, ಒಂದೇ ಉಸುರಿಗೆ ಶ್ರೀ ಬರೆದರು.

ಮಗ ಬಗ್ಗಿ ನೋಡಿದವನು ತಲೆಯ ರುಮಾಲು ತೆಗೆದ. "ಅವ್ವಾ, ಅಪ್ಪಂದೇ" ಎಂದ. ಆಕೆ ಹಸಿ ಮಸಿಯನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಕೆಲಸದವರು ಕೈಮುಗಿದರು, ಪುಸ್ತಕಕ್ಕೋ ಇವರಿಗೋ ತಿಳಿಯಲಿಲ್ಲ. ಇವರು ತಲೆ ತಗ್ಗಿಸಿ ಕೂತೇ ಇದ್ದರು. ಹೊಗಳಿಕೆಗೆ ಕಿವಿ ನಿಮಿರಿಸಿ ಕೂರುತ್ತಿದ್ದ ಮನುಷ್ಯನಿಗೆ ಅಂದು ಅಲ್ಲಿ ಮುಖ ಎತ್ತಲು ಆಗಲಿಲ್ಲ.

"ಪೆನ್ನು ನಿಮ್ಮ ಹತ್ರಾನೇ ಇರ್ಲಿ" ಎಂದರು ಆಕೆ. "ವರ್ಷಕ್ಕೊಂದು ಸಲ ತಗೊಂಡು ಬರ್ರಿ. ಬಂದು ಬರ್ದು ಹೋಗ್ರಿ."

ಕೈಕಾಲು ಗಟ್ಟಿ ಇರುವವರೆಗೆ ಅವರು ಪ್ರತಿ ದೀಪಾವಳಿಗೂ ಸೊರಬಕ್ಕೆ ಹೋಗಿ ಬರೆದು ಬಂದರೆಂದು ಕೇಳಿದ್ದೇನೆ. ನನಗೆ ಆ ಹೊತ್ತಿಗೆ ಬೇರೆ ಊರಿಗೆ ವರ್ಗವಾಗಿತ್ತು. ನಾನು ಕಂಡದ್ದು ಆ ಮೊದಲ ದೀಪಾವಳಿ, ಮತ್ತು ಅಂದು ವಾಪಸು ಬಂದ ಬಸ್ಸು.

ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಕೂತಿದ್ದರು. ಶಿರಾಳಕೊಪ್ಪ ಹತ್ತಿರ ಬಂದಾಗ, "ನನ್ನ ಅಕ್ಷರ ಹೇಗಿತ್ತು, ನೆನಪಿದೆಯೇನ್ರೀ ನಿಮಗೆ?" ಎಂದರು.

"ದುಂಡಗಿತ್ತು" ಎಂದೆ. ಇನ್ನೇನಾದರೂ ಹೇಳಬೇಕೆಂದು ಹುಡುಕಿದೆ. ಪಿರಿಯಡ್ಡು ಶುರುವಾದ ಕೂಡಲೇ ಬೇಕೆಂದೇ ಅಳಿಸುತ್ತಿದ್ದವನಿಗೆ ಅದಕ್ಕಿಂತ ಹೆಚ್ಚು ಎಲ್ಲಿಂದ ನೆನಪಾಗಬೇಕು?

ಶಿರಾಳಕೊಪ್ಪದಲ್ಲಿ ವಯಸ್ಸಾದವರೊಬ್ಬರು ಹತ್ತಿ ನಮ್ಮ ಎದುರಿನ ಸೀಟಿನಲ್ಲಿ ಕೂತರು. ಅವರ ಕೋಟಿನ ಜೇಬಿನಲ್ಲಿ ಹಳೆಯ ಕಪ್ಪು ಪೆನ್ನೊಂದಿತ್ತು, ಕ್ಲಿಪ್ಪಿನ ಚಿನ್ನದ ಬಣ್ಣ ಹೋಗಿ ಹಿತ್ತಾಳೆ ಕಾಣುತ್ತಿತ್ತು. ಇವರ ಕಣ್ಣು ಅದರ ಮೇಲೆ ಬಿತ್ತು. ಬಿದ್ದದ್ದೇ, ಏನೋ ಕದಿಯಹೊರಟವರಂತೆ ಬೆಚ್ಚಿ ಹೊರಗೆ ತಿರುಗಿದರು. ನನಗೆ ತಡೆಯಲಾಗಲಿಲ್ಲ. ನಾನು ಎದ್ದೆ. ಇಡೀ ಬಸ್ಸು ನೋಡುತ್ತಿರುವಾಗ, ಗುರುತು ಪರಿಚಯ ಇಲ್ಲದ ಆ ಮನುಷ್ಯನ ಎದೆಯ ಹತ್ತಿರ ಬಗ್ಗಿ, "ರೀ, ನಿಮ್ಮ ಪೆನ್ನು ಒಂದು ಸಲ ತೋರಿಸ್ತೀರಾ?" ಎಂದೆ. ಕಿವಿ ಬಿಸಿಯಾಯಿತು. ಅವರು ಅನುಮಾನದಿಂದಲೇ ಕೊಟ್ಟರು. ಅದನ್ನು ತಂದು ಇವರ ಕೈಯಲ್ಲಿಟ್ಟೆ.

ಇವರು ಮುಚ್ಚಳ ತೆಗೆದು, ನಿಬ್ಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಮೂತಿ ಒಂದು ಮಗ್ಗುಲಿಗೆ ಸವೆದಿತ್ತು. ಬಹಳ ಹೊತ್ತು ನೋಡಿ, ಮುಚ್ಚಳ ಹಾಕಿ, ಎದ್ದು ಹೋಗಿ, ಆ ಮುದುಕರಿಗೆ ಎರಡೂ ಕೈಯಲ್ಲಿ ವಾಪಸು ಕೊಟ್ಟರು.

"ಚೆನ್ನಾಗಿದೆ" ಎಂದರು. "ಹೀಗೇ ಇರಲಿ. ಯಾರ ಕೈಗೂ ಕೊಡಬೇಡಿ."